ಗುಂಪಿಗೆ ಸೇರಿದ ಕರಿಬೇವು

ಒಂದಾನೊಂದು ಊರಿನಲ್ಲಿ, ಊರಿನ ಹೆಸರು ಮಾತ್ರ ಕೇಳಬೇಡಿ, ಕೇಳಿದವರನ್ನೆಲ್ಲ ಅವರು ಗುಂಪಿಗೆ ಸೇರಿಸಿಕೊಂಡುಬಿಡುತ್ತಾರೆ, ಅಂಥ ಒಂದು ಊರಿನಲ್ಲಿ ಎಲ್ಲರ ಮನೆಯಲ್ಲೂ ಗಿಡಗಳಿದ್ದವು. ಎಲ್ಲರ ಕೈಯಲ್ಲೂ ಫೋನಿತ್ತು. ಗಿಡ ಇದ್ದು ಫೋನೂ ಇದ್ದ ಮೇಲೆ ಒಂದು ಗುಂಪು ಇರಲೇಬೇಕಲ್ಲ. ಇತ್ತು. ಅದರ ಹೆಸರು ಕೈತೋಟ ಬಳಗ.

ಆ ಗುಂಪಿಗೆ ಒಬ್ಬ ಅಡ್ಮಿನ್. ಹಿಂದಿನ ಕಾಲದ ಕತೆಯಾಗಿದ್ದರೆ ಅವನನ್ನು ರಾಜ ಎನ್ನುತ್ತಿದ್ದೆ. ಹೆಸರು ವಿರೂಪಾಕ್ಷಯ್ಯ. ಗುಮಾಸ್ತನಾಗಿದ್ದು ನಿವೃತ್ತನಾದವನು. ಅವನ ಮನೆಯಲ್ಲಿ ಒಂದೂ ಗಿಡ ಇರಲಿಲ್ಲ. ಗಿಡ ಇದ್ದವರು ನೀರು ಹಾಕಬೇಕು, ಹುಳ ಆರಿಸಬೇಕು, ಅವರಿಗೆ ನಿಯಮ ಬರೆಯಲು ಪುರುಸೊತ್ತೆಲ್ಲಿ? ಅದಕ್ಕೇ ಊರವರು ಹುಡುಕಿ ಹುಡುಕಿ ಗಿಡ ಇಲ್ಲದವನನ್ನೇ ಅಡ್ಮಿನ್ ಮಾಡಿದ್ದರು.

ವಿರೂಪಾಕ್ಷಯ್ಯ ನಿಯಮ ಬರೆದ. ಬೆಳಿಗ್ಗೆ ಎದ್ದು ಶುಭೋದಯ ಹಾಕಬಾರದು. ತೋಟ ಬಿಟ್ಟು ಬೇರೆ ಮಾತಾಡಬಾರದು. ಒಮ್ಮೆ ಕೇಳಿದ ಪ್ರಶ್ನೆ ಇನ್ನೊಮ್ಮೆ ಕೇಳಬಾರದು. ಚರ್ಚೆಯಲ್ಲಿರುವ ಗಿಡವನ್ನು ಚರ್ಚೆ ಮುಗಿಯುವವರೆಗೆ ಸದಸ್ಯರು ಮುಟ್ಟಬಾರದು. ಒಂದು ನಂಬರಿಗೆ ಒಬ್ಬರೇ ಸದಸ್ಯರು. ಹೀಗೆ ನೂರಾಹತ್ತು ನಿಯಮ ಬರೆದ. ನೂರಾಹನ್ನೊಂದನೆಯದು, ಸದಸ್ಯರಲ್ಲದವರ ಮಾತನ್ನು ಸದಸ್ಯರು ಕೇಳಿಸಿಕೊಳ್ಳತಕ್ಕದ್ದಲ್ಲ ಎಂದು. ಅವನು ಬರೆದ ಗಳಿಗೆಯಿಂದ ಊರಿನಲ್ಲಿ ಹಾಗೇ ಆಯಿತು. ಕೋಳಿ ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ನಾಯಿ ಬೊಗಳಿದ್ದು ಕೇಳಿಸಲಿಲ್ಲ. ಊರಿಗೆ ಬಹಳ ಶಿಸ್ತು ಬಂತು. ಸ್ವಲ್ಪ ಸೂತಕದ ಮನೆಯ ಹಾಗೂ ಕಾಣತೊಡಗಿತು.

ಆ ಊರಿನಲ್ಲಿ ಸಾವಂತ್ರವ್ವ ಎಂಬ ಹೆಂಗಸು. ಮನೆಯಲ್ಲೇ ಕೂತು ಜಂಪರು ಹೊಲಿಯುತ್ತಿದ್ದಳು. ಗಂಡ ಈರಪ್ಪ ಬಸ್ ಕಂಡಕ್ಟರ್ ಆಗಿದ್ದವನು, ಈಗ ಮನೆಯಲ್ಲಿ. ಒಂಬತ್ತು ವರ್ಷದ ಹಿಂದೆ ಅವರಿಬ್ಬರು ಆ ಮನೆಗೆ ಬಂದು ಇನ್ನೂ ಗಂಟು ಬಿಚ್ಚಿರಲಿಲ್ಲ, ಪಕ್ಕದ ಮನೆಯ ಹಸೀನಾಬಿ ಗೋಡೆಯ ಮೇಲಿಂದ ಒಂದು ಕರಿಬೇವಿನ ಸಸಿ ಚಾಚಿ, "ಮೊದ್ಲು ಇದನ್ನ ಹಚ್ಚವ್ವ, ಒಗ್ಗರಣಿ ಇಲ್ದ ಮನಿ ಮನಿ ಅನಸೂದಿಲ್ಲ" ಎಂದಿದ್ದಳು. ಸಾವಂತ್ರವ್ವ ಅದನ್ನು ಪೇಂಟಿನ ಡಬ್ಬಿಯಲ್ಲಿ ನೆಟ್ಟಳು. ಅದು ಬೆಳೆಯಿತು. ದಿನಾ ನಾಲ್ಕು ಎಲೆ ಕೊಟ್ಟಿತು. ದಿನಾ ಗೋಡೆಯ ಆಚೆ ಈಚೆ ನಿಂತು ಇಬ್ಬರೂ ನಾಲ್ಕು ಮಾತಾಡಿದರು.

ಒಂದು ದಿನ ಕರಿಬೇವಿನ ಎಲೆ ಹಳದಿ ಆಯಿತು. ಹಿಂದೆಲ್ಲ ಆಗಿದ್ದರೆ ಸಾವಂತ್ರವ್ವ ಗೋಡೆಯ ಹತ್ತಿರ ಹೋಗಿ ಕೇಳುತ್ತಿದ್ದಳು. ಈಗ ಗುಂಪಿತ್ತು. ಗುಂಪಿನಲ್ಲಿ ಕೇಳಿದಳು. "ಕರಿಬೇವಿನ ಎಲಿ ಹಳದಿ ಆಗಾಕತ್ತಾವ. ಏನ್ ಮಾಡ್ಲಿ?"

"ಹುಳಿ ಮಜ್ಜಿಗಿ ಹಾಕು" ಎಂದು ಹಸೀನಾಬಿ ಬರೆದಳು.

"ಮಜ್ಜಿಗಿ ಹಾಕಿದ್ರ ಬೇರು ಕೊಳೀತಾವ. ಬರೇ ನೀರು ಹಾಕ್ರಿ" ಎಂದು ಇನ್ಯಾರೋ ಬರೆದರು.

ಸಾವಂತ್ರವ್ವನಿಗೆ ಕೈಯಲ್ಲಿ ಹೊಲಿಗೆ ಕೆಲಸ. ನೋಡಿದೆ ಎಂದು ತಿಳಿಸಲು ಒಂದು ಹೆಬ್ಬೆಟ್ಟಿನ ಚಿತ್ರ ಒತ್ತಿದಳು. ಅದು ನೀರು ಹಾಕಿ ಎಂದವರ ಮಾತಿನ ಕೆಳಗೆ ಬಿತ್ತು. ಹಸೀನಾಬಿ ತನ್ನ ಮಾತಿನ ಕೆಳಗೆ ನೋಡಿದಳು. ಅಲ್ಲಿ ಹೆಬ್ಬೆಟ್ಟು ಇರಲಿಲ್ಲ. ಬೆಳಿಗ್ಗೆ ನೋಡಿದಳು, ಇರಲಿಲ್ಲ. ಮಧ್ಯಾಹ್ನ ನೋಡಿದಳು, ಇರಲಿಲ್ಲ. ಸಂಜೆ ಬರೆದಳು. "ಸಸಿ ಕೊಟ್ಟಾಕಿ ನಾನು. ಹೆಬ್ಬೆಟ್ಟು ಬ್ಯಾರೇದವ್ರಿಗೆ."

ಸಾವಂತ್ರವ್ವ ಗಾಬರಿಯಾಗಿ ಅವಳಿಗೂ ಒಂದು ಹೆಬ್ಬೆಟ್ಟು ಒತ್ತಿದಳು. ಆಗ ನೀರಿನವರಿಗೆ ಸಿಟ್ಟು ಬಂತು. ಎರಡೂ ಕಡೆ ಹೆಬ್ಬೆಟ್ಟು ಒತ್ತುವವಳನ್ನು ನಂಬುವುದು ಹೇಗೆ ಎಂದರು. ಮರುದಿನಕ್ಕೆ ಊರು ಎರಡು ಪಾಲಾಯಿತು, ಮಜ್ಜಿಗೆಯವರು ಮತ್ತು ನೀರಿನವರು. ಮಜ್ಜಿಗೆಯವರ ಮದುವೆಗೆ ನೀರಿನವರು ಹೋಗಲಿಲ್ಲ. ನೀರಿನವರ ಮನೆಯಲ್ಲಿ ಊಟದ ಕೊನೆಗೆ ಮಜ್ಜಿಗೆ ಬಡಿಸಲಿಲ್ಲ. ಗಿಡಕ್ಕೆ ಮಾತ್ರ ಯಾರೂ ಏನೂ ಹಾಕಲಿಲ್ಲ. ಅದು ಚರ್ಚೆಯಲ್ಲಿತ್ತು. ಮುಟ್ಟುವಂತಿರಲಿಲ್ಲ.

ಹಾಗೇ ಒಂದು ವಾರ ಹೋಯಿತು. ಒಂದು ಮಧ್ಯಾಹ್ನ ಕರೆಂಟು ಹೋಗಿ ಸಾವಂತ್ರವ್ವನ ಫೋನು ಸತ್ತಿತು. ಫೋನು ಸತ್ತವರು ಅಷ್ಟು ಹೊತ್ತು ಸದಸ್ಯರಲ್ಲ. ಹಾಗಾಗಿ ಅವಳಿಗೆ ಕೋಳಿ ಕೂಗಿದ್ದು ಕೇಳಿಸಿತು. ನಾಯಿ ಬೊಗಳಿದ್ದು ಕೇಳಿಸಿತು. ಆಮೇಲೆ ಅಂಗಳದಿಂದ ಒಂದು ಸಣ್ಣ ದನಿ ಕೇಳಿಸಿತು.

"ಅವ್ವಾ, ಡಬ್ಬಿ ಸಣ್ಣದಾಗೇತಿ" ಎಂದಿತು ಕರಿಬೇವು. "ಬೇರು ಸುತ್ತಿ ಸುತ್ತಿ ನನ್ನ ಕುತ್ತಿಗಿ ನಾನ ಹಿಚುಕಾಕತ್ತೀನಿ. ನೀರೂ ಬ್ಯಾಡ, ಮಜ್ಜಿಗೀನೂ ಬ್ಯಾಡ. ನೆಲಕ್ಕ ಹಚ್ಚು."

"ಎಷ್ಟು ದಿನದಿಂದ ಹೇಳಾಕತ್ತೀಯೋ ಮಗನ?"

"ಒಂದು ವರ್ಷ ಆತು."

ಸಾವಂತ್ರವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ವಿರೂಪಾಕ್ಷಯ್ಯನ ಮನೆಗೆ ಓಡಿದಳು. ಅಷ್ಟರಲ್ಲಿ ಕರೆಂಟು ಬಂದು ಫೋನಿಗೆ ಜೀವ ಬಂದಿತ್ತು, ಆದ್ದರಿಂದ ಅವಳ ಮಾತು ಅವನಿಗೆ ಕೇಳಿಸಿತು.

"ಸರ, ಚರ್ಚೆ ನಿಲ್ಲಸ್ರಿ. ಗಿಡಾನ ಬಾಯಿ ಬಿಟ್ಟು ಹೇಳೇತಿ, ನೆಲಕ್ಕ ಹಚ್ಚಬೇಕಂತ."

"ಗಿಡ ಸದಸ್ಯ ಏನು?" ಎಂದ ವಿರೂಪಾಕ್ಷಯ್ಯ.

"ಅಲ್ರಿ."

"ಹಂಗಾದ್ರ ಅದು ಹೇಳಿಲ್ಲ."

"ಅದನ್ನ ಸದಸ್ಯ ಮಾಡ್ಕೊಳ್ರಿ."

"ಮಾಡ್ಕೊಳ್ಳೂಣು. ಫೋನ್ ನಂಬರ್ ಹೇಳ್ರಿ."

ಗಿಡಕ್ಕೆ ಎಲ್ಲಿಯ ನಂಬರು? ಸಾವಂತ್ರವ್ವ ತನ್ನದನ್ನೇ ಹೇಳಿದಳು. ಒಂದು ನಂಬರಿಗೆ ಒಬ್ಬರೇ, ನೀವೋ ಗಿಡವೋ ಹೇಳಿ ಎಂದ ವಿರೂಪಾಕ್ಷಯ್ಯ. ಸಾವಂತ್ರವ್ವ ಬಹಳ ಯೋಚಿಸಲಿಲ್ಲ. ತನ್ನ ಫೋನು ಕೊಟ್ಟು, ತನ್ನ ಹೆಸರು ತೆಗೆಸಿ, ಗಿಡದ ಹೆಸರು ಹಾಕಿಸಿದಳು. "ನಿಮ್ಮ ಉಪಕಾರ ಆತ್ರಿ" ಎಂದಳು. ವಿರೂಪಾಕ್ಷಯ್ಯ ಅವಳ ಕಡೆ ನೋಡಲಿಲ್ಲ. ಅವನಿಗೆ ಕೇಳಿಸಿರಲಿಲ್ಲ.

ಮನೆಗೆ ಬಂದು ಫೋನನ್ನು ಗಿಡದ ಕೊಂಬೆಗೆ ಒರಗಿಸಿ ಇಟ್ಟಳು. ಗಿಡಕ್ಕೆ ಬೆರಳಿಲ್ಲ. ಅದು ಎಲೆಯಿಂದ ಅಕ್ಷರ ಒತ್ತಿತು. ಒಂದು ಮಾತು ಬರೆದರೆ ಒಂದು ಎಲೆ ಉದುರುತ್ತಿತ್ತು. "ನನ್ನನ್ನು ನೆಲಕ್ಕೆ ಹಚ್ಚಿರಿ" ಎಂದು ಬರೆಯಿತು. ಒಂದು ಎಲೆ ಉದುರಿತು.

ಉತ್ತರ ಬಂತು. "ಈ ಪ್ರಶ್ನೆ ಹಿಂದೆಯೇ ಬಂದಿದೆ. ಮೇಲೆ ಹೋಗಿ ಓದಿ."

ಕರಿಬೇವು ಮೇಲೆ ಹೋಯಿತು. ಇನ್ನೂ ಮೇಲೆ ಹೋಯಿತು. ಅಲ್ಲಿ ತನ್ನ ಬಗ್ಗೆ ಬರೆದದ್ದೆಲ್ಲ ಓದಿತು. ಈ ಗಿಡ ಮೊದಲಿಂದಲೂ ಕಳಪೆ ಎಂದು ಒಬ್ಬರು ಬರೆದಿದ್ದರು. ಇಂಥ ಗಿಡಕ್ಕೆ ವಾಸನೆಯೇ ಇರುವುದಿಲ್ಲ ಎಂದು ಇನ್ನೊಬ್ಬರು. ಕರಿಬೇವಿಗೆ ತಡೆಯಲಾಗಲಿಲ್ಲ. ವಾಸನೆಯ ಮಾತಿಗೆ ಒಂದು ಉತ್ತರ ಕೊಟ್ಟಿತು. ಎಲೆ ಉದುರಿತು. ಅದಕ್ಕೆ ನಾಲ್ಕು ಮಂದಿ ತಿರುಗಿ ಉತ್ತರ ಕೊಟ್ಟರು. ಅದು ನಾಲ್ಕಕ್ಕೂ ಕೊಟ್ಟಿತು. ನಾಲ್ಕು ಎಲೆ ಉದುರಿದವು.

ಸಾವಂತ್ರವ್ವ ಅಂಗಳದಲ್ಲಿ ಗುಂಡಿ ತೋಡಿದಳು. ಅವಳು ಈಗ ಸದಸ್ಯಳಲ್ಲ, ಗಿಡ ಮುಟ್ಟಬಹುದು. "ಬಾರಪ್ಪ, ಸಾಕು ಬಾ" ಎಂದಳು. ಸದಸ್ಯನಾದ ಕರಿಬೇವಿಗೆ ಅವಳ ಮಾತು ಕೇಳಿಸಲಿಲ್ಲ. ಅವಳು ಡಬ್ಬಿ ಎತ್ತಿದಳು. ಕರಿಬೇವು ಬೆದರಿ, "ಯಾರೋ ನನ್ನನ್ನು ಎತ್ತುತ್ತಿದ್ದಾರೆ, ಚರ್ಚೆ ಇನ್ನೂ ಮುಗಿದಿಲ್ಲ" ಎಂದು ಗುಂಪಿಗೆ ಬರೆಯಿತು. ಒಳಗೆ ಕೂತಿದ್ದ ಈರಪ್ಪ ಅದನ್ನು ಓದಿ ಹೊರಗೆ ಬಂದ. ಗಿಡಕ್ಕೆ ಕೈ ತಾಗದ ಹಾಗೆ ಹೆಂಡತಿಯ ಕೈಯಿಂದ ಡಬ್ಬಿ ಇಸಿದುಕೊಂಡು ಮೊದಲಿದ್ದ ಜಾಗದಲ್ಲೇ ಇಟ್ಟ.

"ರೀ, ಇದು ಸಾಯಾಕತ್ತೇತಿ" ಎಂದಳು ಸಾವಂತ್ರವ್ವ.

ಈರಪ್ಪ ಒಳಗೆ ಹೋದ. ಇಪ್ಪತ್ತೆಂಟು ವರ್ಷ ಬಸ್ಸಿನ ಗದ್ದಲದಲ್ಲಿ ನಿಂತ ಕಿವಿ ಅವನದು. ಆ ಕಿವಿಗೂ ಹೆಂಡತಿಯ ದನಿ ಮುಟ್ಟಲಿಲ್ಲ.

ಅವಳು ದಿನಾ ಡಬ್ಬಿ ಎತ್ತಿದಳು. ಅವನು ದಿನಾ ತಿರುಗಿ ಇಟ್ಟ. ಅವಳು ಗೋಡೆಗೆ ಬಾಯಿ ಹಚ್ಚಿ, "ಹಸೀನಕ್ಕಾ, ನೀನಾದ್ರೂ ಹೇಳ" ಎಂದು ಕರೆದಳು. ಆಚೆ ಹಸೀನಾಬಿ ಬಟ್ಟೆ ಒಣಹಾಕುತ್ತಿದ್ದಳು. ತಲೆ ಎತ್ತಲಿಲ್ಲ. ಜಂಪರು ಹೊಲಿಸಲು ಬಂದವರು ತೋಳು ಎಷ್ಟು ಉದ್ದ ಬೇಕೆಂದು ಅವಳು ಕೇಳಿದ್ದು ಕೇಳಿಸದೆ, ಇವಳಿಗೆ ಸೊಕ್ಕು ಬಂದಿದೆ ಎಂದುಕೊಂಡು ಬಟ್ಟೆ ವಾಪಸು ಒಯ್ದರು.

ನಲವತ್ತನೆಯ ದಿನ ಕರಿಬೇವಿನಲ್ಲಿ ಒಂದು ಎಲೆ ಉಳಿದಿತ್ತು. ಸಾವಂತ್ರವ್ವ ಅದರ ಮುಂದೆ ಕೂತು ಎರಡೂ ಕೈ ಅಡ್ಡ ಹಿಡಿದಳು. ಕೊಂಬೆ ಅವಳ ಕೈ ಸರಿಸಿ ಬಗ್ಗಿತು. "ನಾನು ಹೇಳಿದ್ದರ ಅರ್ಥ ಅದಲ್ಲ" ಎಂದು ಬರೆಯಿತು. ಎಲೆ ಉದುರಿತು. ಆಮೇಲೆ ಅಲ್ಲಿ ಒಂದು ಕಡ್ಡಿ ಮಾತ್ರ ಇತ್ತು.

ಗುಂಪಿನಲ್ಲಿ ಮಜ್ಜಿಗೆಯವರು ನೀರಿನವರಿಂದ ಸತ್ತಿತು ಎಂದರು. ನೀರಿನವರು ಮಜ್ಜಿಗೆಯವರಿಂದ ಎಂದರು. ವಿರೂಪಾಕ್ಷಯ್ಯ, "ಸತ್ತ ಗಿಡ ತೋಟದ ವಿಷಯ ಅಲ್ಲ. ಸಂತಾಪ ಹಾಕುವವರು ಬೇರೆ ಗುಂಪು ಮಾಡಿಕೊಳ್ಳತಕ್ಕದ್ದು" ಎಂದು ಬರೆದ. ಅದರ ಕೆಳಗೆ ಒಬ್ಬಳೇ ಒಬ್ಬಳು ಕೈ ಮುಗಿದ ಚಿತ್ರ ಹಾಕಿದಳು. ಹಸೀನಾಬಿ. ವಿರೂಪಾಕ್ಷಯ್ಯ ಅವಳನ್ನು ತೆಗೆದುಹಾಕಿದ.

ತೆಗೆದುಹಾಕಿದ ಗಳಿಗೆಯಲ್ಲೇ ಹಸೀನಾಬಿಗೆ ಗೋಡೆಯ ಈಚೆಯಿಂದ ಯಾರೋ ಅಳುವುದು ಕೇಳಿಸಿತು. ಸ್ಟೂಲು ಹಾಕಿಕೊಂಡು ಹತ್ತಿ ನೋಡಿದಳು.

"ಸಾವಂತ್ರವ್ವ, ಅಳಬ್ಯಾಡ" ಎಂದಳು.

"ನಿಂಗ ಕೇಳಸ್ತೈತೇನ ಅಕ್ಕಾ?"

"ಈಗ ಕೇಳಸ್ತು. ನೀ ನನ್ನ ಕರದಿದ್ದೇನು?"

"ನಲವತ್ತು ದಿನ ಕರದೆ."

ಹಸೀನಾಬಿ ಗೋಡೆಯ ಮೇಲಿನ ಮಣ್ಣನ್ನು ಉಗುರಿನಿಂದ ಕೆರೆಯುತ್ತ ನಿಂತಳು. "ಹೆಬ್ಬೆಟ್ಟಿಂದು ತಲ್ಯಾಗ ತುಂಬ್ಕೊಂಡು ಕುಂತಿದ್ದೆ ನೋಡ. ಅದೇನು ದೊಡ್ಡ ಮಾತಾಗಿತ್ತಂತ" ಎಂದಳು. ಆಮೇಲೆ ಗೋಡೆ ದಾಟಿ ಈಚೆ ಇಳಿದಳು. ಇಬ್ಬರೂ ಸೇರಿ ಡಬ್ಬಿ ಬೋರಲು ಹಾಕಿದರು. ಒಳಗೆ ಮಣ್ಣೇ ಇರಲಿಲ್ಲ. ಬರೀ ಬೇರು, ಡಬ್ಬಿಯದೇ ಆಕಾರದಲ್ಲಿ.

ಈರಪ್ಪ ಇದನ್ನೆಲ್ಲ ಕಿಟಕಿಯಿಂದ ನೋಡಿದ. ಇಬ್ಬರು ಹೆಂಗಸರ ಬಾಯಿ ಅಲುಗುತ್ತಿತ್ತು. ದನಿ ಇರಲಿಲ್ಲ. ಅವನು ಫೋನು ಸಾಯಲು ಬಿಡುವವನಲ್ಲ, ಸೊಂಟದಲ್ಲಿ ಎರಡು ಪವರ್ ಬ್ಯಾಂಕು ಕಟ್ಟಿಕೊಂಡಿರುತ್ತಿದ್ದ. ಹೆಂಡತಿ ನೆರೆಯವಳ ಜೊತೆ ಮಾತಾಡುತ್ತಾಳೆ, ನನ್ನ ಜೊತೆ ಆಡುವುದಿಲ್ಲ ಎಂದು ಅವನು ಕೊರಗಿದ. ಯಾರನ್ನು ಕೇಳುವುದು? ಗುಂಪಿನಲ್ಲಿ ಕೇಳಿದ. "ನನ್ನ ಹೆಂಡತಿ ಮಾತು ಬಿಟ್ಟು ನಲವತ್ತು ದಿನ ಆತು. ಏನು ಮಾಡಬೇಕು?"

ಇದು ತೋಟದ ವಿಷಯವೇ ಎಂದು ವಿರೂಪಾಕ್ಷಯ್ಯ ಕೇಳಿದ. ಅವಳು ಹೆಚ್ಚಾಗಿ ಅಂಗಳದಲ್ಲೇ ಕೂತಿರುತ್ತಾಳೆ ಎಂದ ಈರಪ್ಪ. ಹಾಗಾದರೆ ಸರಿ ಎಂದ ವಿರೂಪಾಕ್ಷಯ್ಯ.

ಉತ್ತರಗಳು ಬಂದವು. ಬೆಳಗಿನ ಬಿಸಿಲು ಎರಡು ತಾಸು ಬೀಳಲಿ ಎಂದರು. ಈರಪ್ಪ ಅವಳ ಕುರ್ಚಿಯನ್ನು ಬಿಸಿಲಿಗೆ ಎಳೆದ. ಗೋಡೆಯಿಂದ ದೂರ ಇಡಿ ಎಂದರು. ನಾಲ್ಕು ಅಡಿ ಈಚೆ ಎಳೆದ. ಹುಳಿ ಮಜ್ಜಿಗೆ ಎಂದರು. ಒಂದು ಲೋಟ ತಂದು ಎದುರಿಗೆ ಹಿಡಿದ. ಅವಳು ಅವನ ಮುಖ ನೋಡಿದಳು, ಕುಡಿದಳು, ಲೋಟ ವಾಪಸು ಕೊಟ್ಟಳು. ತುದಿ ಕತ್ತರಿಸಿ ಎಂದರು. ಈರಪ್ಪ ಹೊಲಿಗೆಯ ಕತ್ತರಿ ಹಿಡಿದು ಅವಳ ಹಿಂದೆ ನಿಂತ. ಜಡೆಯ ತುದಿ ಪೂರಾ ಬೆಳ್ಳಗಾಗಿತ್ತು. ಇದು ಯಾವಾಗ ಆಯಿತೋ ಅವನಿಗೆ ಗೊತ್ತಿರಲಿಲ್ಲ. ಕತ್ತರಿ ಒಳಗಿಟ್ಟು ಬಂದ.

ಕೊನೆಗೆ ಒಂದು ಉತ್ತರ ಬಂತು. "ಇಷ್ಟು ಮಾಡಿಯೂ ಚಿಗುರದಿದ್ದರೆ ಕಿತ್ತು ಬೇರೆ ಹಚ್ಚಿರಿ." ಅದರ ಕೆಳಗೆ ಅರವತ್ತಮೂರು ಹೆಬ್ಬೆಟ್ಟು ಬಿದ್ದವು. ಮಜ್ಜಿಗೆಯವರೂ ಒತ್ತಿದ್ದರು, ನೀರಿನವರೂ ಒತ್ತಿದ್ದರು. ಎರಡು ತಿಂಗಳಲ್ಲಿ ಮೊದಲ ಸಲ ಊರು ಒಂದಾಗಿತ್ತು.

ಈರಪ್ಪ ಅದನ್ನು ಓದಿದ. ಮತ್ತೆ ಓದಿದ. ಬಿಸಿಲಿನಲ್ಲಿ ಕೂತಿದ್ದ ಹೆಂಡತಿಯನ್ನು ನೋಡಿದ. ಗುಂಪು ಬಿಡುವ ಗುಂಡಿ ಒತ್ತಿದ. ಖಂಡಿತ ಬಿಡುತ್ತೀರಾ ಎಂದು ಫೋನು ಕೇಳಿತು. ಹೌದು ಎಂದ.

ಕೋಳಿ ಕೂಗಿದ್ದು ಕೇಳಿಸಿತು. ನಾಯಿ ಬೊಗಳಿದ್ದು ಕೇಳಿಸಿತು. ಅವನು ಹೆಂಡತಿಯ ಕಡೆ ಕಿವಿಕೊಟ್ಟ. ಅಲ್ಲಿಂದ ಏನೂ ಕೇಳಿಸಲಿಲ್ಲ. ಅವಳು ಇವನ ಹತ್ತಿರ ಮಾತಾಡುವುದನ್ನು ಯಾವಾಗಲೋ ನಿಲ್ಲಿಸಿದ್ದಳು. ಕೇಳಿಸದವನಿಗೆ ಹೇಳಿ ಹೇಳಿ ಬಾಯಿಗೆ ರೂಢಿ ತಪ್ಪಿತ್ತು.

"ಸಾವಂತ್ರಿ, ನಂಗೀಗ ಕೇಳಸ್ತೈತಿ" ಎಂದ.

ಅವಳು ಎದ್ದು ಕುರ್ಚಿಯನ್ನು ತಾನೇ ನೆರಳಿಗೆ ಎಳೆದುಕೊಂಡಳು.

ಈರಪ್ಪ ಕಾದ. ಒಂದು ದಿನ ಕಾದ. ಎರಡು ದಿನ ಕಾದ. ಹನ್ನೊಂದು ದಿನ ಅವಳು ಹೋದಲ್ಲೆಲ್ಲ ಹಿಂದೆ ಹಿಂದೆ ಹೋಗಿ ಹತ್ತಿರ ಕೂತ. ಹನ್ನೆರಡನೆಯ ದಿನ ಬೆಳಿಗ್ಗೆ ಅವನು ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದಾಗ ಅವಳು ಕಸಬರಿಗೆ ಹಿಡಿದು ಎದುರಿಗೆ ಬಂದು ನಿಂತಳು.

"ಕಾಲು ಎತ್ರಿ, ಕಸ ಹೊಡೀಬೇಕು" ಎಂದಳು.

ಈರಪ್ಪ ಎರಡೂ ಕಾಲು ಎತ್ತಿ ಹಿಡಿದ. ಅವಳು ಹೊಡೆದು ಮುಗಿಸಿ ಅಡಿಗೆಮನೆಗೆ ಹೋದಳು. ಅವನು ಇನ್ನೂ ಬಹಳ ಹೊತ್ತು ಕಾಲು ಇಳಿಸಲಿಲ್ಲ.

ಅವರು ಅಲ್ಲಿ ಅಷ್ಟಕ್ಕಷ್ಟೇ ಇದ್ದಾರೆ, ನಾವು ಇಲ್ಲಿ ಅಷ್ಟಕ್ಕಷ್ಟೇ ಇದ್ದೇವೆ. ಕತೆ ತೀರಿತು. ಏಳಿ, ಚಾಪೆ ಸುತ್ತಬೇಕು.