ದೇವೀರಿ ಬಿಚ್ಚಿದ ಬುಟ್ಟಿ

ಒಂದಾನೊಂದು ಕಾಲದಲ್ಲಿ, ನನ್ನಜ್ಜಿಯ ಅಜ್ಜಿಗೂ ಇನ್ನೂ ಹಲ್ಲು ಬಾರದ ಕಾಲದಲ್ಲಿ, ಜವರಪ್ಪ ಅಂತ ಒಬ್ಬ ಹುರಿಬುಟ್ಟಿ ಮಾಡೋನಿದ್ದನಂತೆ. ಅವನಿಗೆ ಬೋರ, ಮಂಚ ಅಂತ ಇಬ್ಬರು ಗಂಡುಮಕ್ಕಳು, ದೇವೀರಿ ಅಂತ ಒಬ್ಬಳು ಮಗಳು. ಹುರಿಬುಟ್ಟಿ ಅಂದ್ರೆ ಬಿದಿರಿಂದಲ್ಲ ಮಗಾ. ಕತ್ತಾಳೆ ನಾರಿನ ನಾಲ್ಕು ಎಳೆ ಸೇರಿಸಿ ಬಿಗಿಯಾಗಿ ಹುರಿ ಹೊಸೀಬೇಕು, ಆಮೇಲೆ ಗೋಣಿ ಹೊಲಿಯೋ ದಬ್ಬಳದಲ್ಲಿ ಆ ಹುರಿಯ ಹೊಟ್ಟೆ ಸೀಳಿ, ಎರಡೆಳೆ ಆಚೆ ಎರಡೆಳೆ ಈಚೆ ಮಾಡಿ, ನಡುವೆ ಇನ್ನೊಂದು ಹುರಿ ತೂರಿಸಬೇಕು. ಒಂದು ಗಂಟೂ ಇರಲ್ಲ. ಹೊಸೆಯೋದು ಹೆಣ್ಣು, ತೂರಿಸೋದು ಗಂಡು ಅಂತ ಆ ಮನೇಲಿ ಕಟ್ಟಳೆ. ಮಗಳು ನಾಳೆ ಇನ್ನೊಬ್ಬರ ಮನೆ ಸೇರೋಳು, ವಿದ್ಯೆಯೂ ಅವಳ ಹಿಂದೆ ಹೋಗುತ್ತಂತೆ. ಅಂಗೈ ಸುಲಿಯೋವಾಗ ಮಾತ್ರ ಅವಳು ಮನೆಮಗಳು. ಎಂಥಾ ನ್ಯಾಯ ನೋಡು.

ಆಮೇಲೆ ಜವರಪ್ಪನಿಗೆ ಕಣ್ಣು ಮಂಜಾಯಿತಂತೆ. ಮೂರು ಪರೀಕ್ಷೆ ಗೆದ್ದ ಬುಟ್ಟಿ ಯಾರದೋ ಅವರಿಗೆ ನನ್ನ ದಬ್ಬಳ, ಕಸುಬೂ ಅವರದೇ ಅಂದನಂತೆ. ದೇವೀರಿಗೆ ಆ ದಬ್ಬಳದ ಮೇಲೆ ಪ್ರಾಣ. ನೋಡಿ ನೋಡಿ ಕಲಿತಿದ್ದಳು, ಯಾರೂ ಕರೀದಿದ್ರೂ ಒಂದು ಬುಟ್ಟಿ ಮಾಡಿ ಅಣ್ಣಂದಿರ ಬುಟ್ಟಿ ಪಕ್ಕ ಇಟ್ಟಳಂತೆ. ಊರವರೆಲ್ಲ ಸೇರಿದರು. ಬೋರ ಒಂದೆಳೆ ಆಚೆ ಮೂರೆಳೆ ಈಚೆ ಸೀಳಿದ್ದ, ಸಾಸಿವೆ ತುಂಬಿದರೆ ಸೋರಿತಂತೆ. ಗುಂಡುಕಲ್ಲು ಇಟ್ಟರೆ ಮಂಚಂದು ಜೋತುಬಿತ್ತಂತೆ. ದೇವೀರೀದು ಎರಡನ್ನೂ ತಡೀತು, ಆಮೇಲೆ ಅಟ್ಟದಿಂದ ಎಸೆದರೂ ಆಕಾರ ಕೆಡಲಿಲ್ಲವಂತೆ. ಇದು ಯಾರದು ಅಂದ ಅಪ್ಪ. ನಂದು ಅಂದಳು. ಆ ಮುದುಕ ಏನು ಮಾಡಿದ ಗೊತ್ತಾ? ಊರವರ ಕಡೆ ತಿರುಗಿ, ಹುಡುಗಿ ತಮಾಷೆ ಮಾಡ್ತಾಳೆ, ಬೋರ ಎರಡು ಮಾಡಿದ್ದ, ಇದೂ ಅವನದೇ ಅಂದುಬಿಟ್ಟನಂತೆ. ಆ ಬೋರನೋ, ಹಲ್ಲು ಕಿರಿದು ಕೈಚಾಚಿ ದಬ್ಬಳ ಇಸ್ಕೊಂಡನಂತೆ. ನಾಚಿಕೆಗೆಟ್ಟೋನು, ಈಗ ನೆನೆದರೂ ಮೈ ಉರಿಯುತ್ತೆ.

ದೇವೀರಿ ಅಳಲಿಲ್ಲ ಮಗಾ. ಬುಟ್ಟೀನ ತೊಡೆ ಮೇಲಿಟ್ಟುಕೊಂಡು, ಅಂಚಿಂದ ಒಂದೊಂದೇ ಹುರಿ ಎಳೆದು, ಪೂರ್ತಿ ಬಿಚ್ಚಿ, ಆ ರಾಶೀನ ಬೋರನ ಮುಂದೆ ಹಾಕಿದಳಂತೆ. ಅಣ್ಣಾ, ನಿಂದೇ ಅಲ್ವಾ, ಕೂತ್ಕೊಂಡು ಮತ್ತೆ ಮಾಡು, ನಾವೆಲ್ಲ ಕಾಯ್ತೀವಿ ಅಂದಳಂತೆ. ಬೋರ ಸೀಳೋಕೆ ಹೋಗಿ ಬೆರಳಿಗೇ ಚುಚ್ಚಿಕೊಂಡ. ಹೊತ್ತು ಇಳೀತು, ಬುಟ್ಟಿಯ ತಳಾನೂ ಆಗಲಿಲ್ಲ. ಊರವರು ಒಬ್ಬರೂ ಎದ್ದು ಹೋಗಲಿಲ್ಲವಂತೆ. ಕೊನೆಗೆ ಅಪ್ಪನೇ ಎದ್ದು, ದಬ್ಬಳ ಕಿತ್ತು ದೇವೀರಿ ಕೈಗಿಟ್ಟು, ತಪ್ಪಾಯ್ತು ತಾಯಿ, ಇದು ನಿಂದೇ ಅಂದನಂತೆ. ಇನ್ನೊಂದು ಸಲ ಗಟ್ಟಿಯಾಗಿ ಹೇಳಪ್ಪ, ಹಿಂದೆ ಕೂತೋರಿಗೆ ಕೇಳಿಸಲಿಲ್ಲ ಅಂದಳಂತೆ ದೇವೀರಿ. ಅವನು ಹೇಳಿದನಂತೆ.

ಆಮೇಲೆ ಅವಳು ಮದುವೆಯಾಗಿ, ದಬ್ಬಳ ಸೊಂಟಕ್ಕೆ ಸಿಕ್ಕಿಸಿಕೊಂಡು ಗಂಡನ ಮನೆಗೆ ಹೋಗಿ, ಕೇಳಿದ ಹೆಣ್ಣುಮಕ್ಕಳಿಗೆಲ್ಲ ಕಲಿಸಿ, ಸುಖವಾಗಿದ್ದಳಂತೆ. ಕತೆ ಮುಗೀತು, ನನ್ನ ಸಿಟ್ಟು ಮುಗೀಲಿಲ್ಲ. ನೀನು ಮಲಕ್ಕೋ.