ಒರೆಗತ್ತಿ ದಿಣ್ಣೆ

ಕಣಗಿಲೆದುರ್ಗದ ಹಾಳುಕೋಟೆಯನ್ನು ಬೆನ್ನಿಗೆ ಬಿಟ್ಟು ಬಡಗಣ ದಿಕ್ಕಿಗೆ ಒಂದು ಹರಿದಾರಿ ನಡೆದರೆ, ಹುಲ್ಲಿನ ಬಯಲೊಂದರ ನಡುವೆ ಮಗುಚಿಟ್ಟ ಮರಿಗೆಯಂತೆ ಒಂದು ದಿಣ್ಣೆ ಕಾಣುತ್ತದೆ. ಮೇಲೆ ಮರವಿಲ್ಲ, ಗುಡಿಯಿಲ್ಲ. ಪುಷ್ಯಮಾಸದಲ್ಲಿ ಪಕ್ಕದ ಕೆರೆಯಿಂದೆದ್ದ ಮಂಜು ಬಯಲನ್ನೆಲ್ಲ ತುಂಬಿಕೊಂಡು, ಹೊತ್ತು ಮಾರುದ್ದ ಏರುವವರೆಗೂ ಕದಲುವುದಿಲ್ಲ. ಆಗ ಮೇಯುವ ದನಗಳ ಬೆನ್ನಷ್ಟೇ ಕಾಣುತ್ತದೆ. ಅವು ನಿಂತಿವೆಯೋ ತೇಲುತ್ತಿವೆಯೋ ತಿಳಿಯದು. ಕಂದಾಯದ ಕಾಗದದಲ್ಲಿ ಈ ನೆಲಕ್ಕೊಂದು ನಂಬರು ಮಾತ್ರ ಉಂಟು. ಸುತ್ತಣ ಹಳ್ಳಿಯವರು ಇದನ್ನು ಒರೆಗತ್ತಿ ದಿಣ್ಣೆ ಎನ್ನುತ್ತಾರೆ.

ಹಿಂದೆ ಒಮ್ಮೆ, ದುರ್ಗದ ಮುದಿನಾಯಕ ಕಣ್ಣು ಮುಚ್ಚಿದ ವರ್ಷ, ಅವನ ಇಬ್ಬರು ಮಕ್ಕಳಲ್ಲಿ ಪಟ್ಟ ಯಾರಿಗೆಂಬ ವ್ಯಾಜ್ಯ ಹುಟ್ಟಿತು. ಹಿರಿಯವನು ಕೋಟೆಯಲ್ಲೇ ಉಳಿದ. ಕಿರಿಯವನು ಅರ್ಧ ದಂಡನ್ನು ಕರೆದುಕೊಂಡು ಕೆರೆಯಾಚೆ ಪಾಳೆಯ ಬಿಟ್ಟ. ಒಂದೇ ಲಾಯದಲ್ಲಿ ಕುದುರೆ ತಿಕ್ಕಿ, ಒಂದೇ ಗುಡಾಣದ ಅಂಬಲಿ ಕುಡಿದು ಬೆಳೆದ ರಾವುತರು ಒಂದು ವಾರದಲ್ಲಿ ಎರಡು ಕಡೆಯವರಾದರು. ಕಾಟಯ್ಯನೆಂಬ ಎಳೆಯ ರಾವುತ ಹಿರಿಯನ ಕಡೆ ನಿಂತ. ಅವನ ಅಕ್ಕ ಸೂರವ್ವನ ಗಂಡ ಬೋಸಯ್ಯ ಕಿರಿಯನ ಕಡೆ ಹೋದ. ಕಾಟಯ್ಯನನ್ನು ಮೊದಲ ಸಲ ಕುದುರೆಯ ಮೇಲೆ ಎತ್ತಿ ಕೂರಿಸಿ, ಲಗಾಮು ಹಿಡಿಯಲು ಕಲಿಸಿದವನು ಆ ಭಾವನೇ. ಆದರೆ ಇಬ್ಬರೂ ಉಪ್ಪಿನ ಋಣಕ್ಕೆ ಕಟ್ಟುಬಿದ್ದವರು. ಬೇರೆ ಬೇರೆ ಕೈಯಿಂದ ಉಪ್ಪು ತಿಂದಿದ್ದರು, ಅಷ್ಟೇ.

ಬಯಲಿನ ಹುಲ್ಲು ಯಾರ ಕುದುರೆಗಳಿಗೆ ಎಂಬುದೇ ಮೊದಲ ಜಗಳವಾಯಿತು. ಒಂದು ಬೆಳಗಿನ ಜಾವ ಎರಡೂ ಕಡೆಯಿಂದ ಹನ್ನೆರಡು ಹನ್ನೆರಡು ಕುದುರೆಗಳು ದಿಣ್ಣೆಯತ್ತ ಬಂದವು. ಮಂಜು ಹಾಲಿನ ಕೆನೆಯಂತೆ ಕಟ್ಟಿತ್ತು. ಕಾಟಯ್ಯನಿಗೆ ತನ್ನ ಕುದುರೆಯ ಕಿವಿಯಾಚೆ ಏನೂ ಕಾಣಿಸದು. ಗೊರಸಿನ ಸದ್ದು ಹುಲ್ಲಿನಲ್ಲಿ ಇಂಗಿಹೋಗಿ, ಅವನಿಗೆ ತಾನಿನ್ನೂ ಲಾಯದಲ್ಲಿ ಮಲಗಿ ಈ ಸವಾರಿಯನ್ನು ಕನಸು ಕಾಣುತ್ತಿರುವಂತೆ ತೋರಿತು. ಯಾರೋ ಕೂಗಿದರು. ಎರಡೂ ಕಡೆ ಕತ್ತಿಗಳೆದ್ದು ದಂಡುಗಳು ನುಗ್ಗಿದವು; ಒಂದರೊಳಗೊಂದು ಹಾದು, ಬಾಚಣಿಗೆಯ ಹಲ್ಲಿನಂತೆ ಬಿಡಿಸಿಕೊಂಡು, ಆಚೆ ಹೋದವು. ಯಾರೂ ಯಾರಿಗೂ ಹೊಡೆದಿರಲಿಲ್ಲ. ಮಂಜಿನಿಂದ ಹೊರಬಂದ ಪ್ರತಿ ಮುಖವೂ ಪರಿಚಯದ್ದೇ ಆಗಿತ್ತು. ಬೋಸಯ್ಯ ಕಾಟಯ್ಯನ ತೊಡೆ ಸವರುವಷ್ಟು ಹತ್ತಿರ ಹಾದುಹೋಗುತ್ತ ನಕ್ಕು, "ಕಾಟ, ಜೀನಿನ ಪಟ್ಟಿ ಸಡಿಲಾಗೈತೆ, ನೋಡ್ಕೊ" ಎಂದ.

ನೋಡಿಕೊಳ್ಳಲು ಎಡೆಯಾಗಲಿಲ್ಲ. ಕಾಟಯ್ಯನ ದಳದ ಮುಂದಾಳು, "ತಿರುಗಿ! ನಾಚಿಕೆಗೆಟ್ಟವರೇ, ತಿರುಗಿ!" ಎಂದು ಅರಚಿದ. ಕಾಟಯ್ಯ ಕುದುರೆಯನ್ನು ಥಟ್ಟನೆ ತಿರುಗಿಸಿದಾಗ ಜೀನು ಜಾರಿತು. ಆಕಾಶ ಓರೆಯಾಯಿತು. ಒಂದು ಕಾಲು ಜೀನಿನಿಂದ ಇಳಿಬಿದ್ದ ರಿಕಾಪಿನ ಬಳೆಯಲ್ಲಿ ಸಿಕ್ಕಿ, ಕೆಳಗೆ ಬಿದ್ದರೆ ಇಪ್ಪತ್ತು ಕುದುರೆಗಳ ಗೊರಸು ಎಂಬ ಭಯದಲ್ಲಿ ಅವನು ತೊಳಲುತ್ತಿದ್ದಾಗ, ಬಿಳುಪಿನೊಳಗಿನಿಂದ ಒಂದು ನೆರಳು ಸರಿದು ಬಂದು ಅವನ ಮೇಲೆ ಕೈ ಚಾಚಿತು. ಕಾಟಯ್ಯ ಕಣ್ಣು ಮುಚ್ಚಿ ಕತ್ತಿ ಬೀಸಿದ.

ಚಾಚಿದ ಆ ಕೈ ಅವನ ಸೊಂಟವನ್ನು ಹಿಡಿದು, ಅವನನ್ನು ನೆಟ್ಟಗೆ ಕೂರಿಸಿಯೇ ಬಿಟ್ಟಿತು. ಆಮೇಲೆ ಬೋಸಯ್ಯ ಮೆಲ್ಲಗೆ, ನಿದ್ದೆ ಬಂದವನಂತೆ, ಕುದುರೆಯಿಂದ ಹುಲ್ಲಿಗೆ ಜಾರಿದ.

ಸುದ್ದಿ ಕೂಗದೆಯೇ ಹಬ್ಬಿತು. ಇಪ್ಪತ್ತಮೂರು ಜನರೂ ಇಳಿದು ಸುತ್ತ ನಿಂತರು. ಮುಂದಾಳು ಗೆಲುವಿನ ಗುರುತಿಗೆಂದು ಸತ್ತವನ ಕತ್ತಿಯನ್ನು ಎಳೆಯಹೋದ. ಅದು ಒರೆಯಿಂದ ಬರಲಿಲ್ಲ. ಹಿಡಿಯನ್ನೂ ಒರೆಯನ್ನೂ ಸೇರಿಸಿ ಹಸಿರು ಸೀರೆಯಂಚಿನ ಚೂರೊಂದರಿಂದ ಬಿಗಿಯಾಗಿ ಗಂಟು ಹಾಕಿತ್ತು. ಆ ಅಂಚು ಯಾವ ಸೀರೆಯದೆಂದು ಕಾಟಯ್ಯನಿಗೆ ತಿಳಿಯಿತು. ಮದುವೆಯಲ್ಲಿ ಅಕ್ಕನಿಗೆ ಅದನ್ನು ಉಡಿಸಿ ಕಳಿಸಿದ್ದು ಅವನ ಮನೆಯವರೇ. ಮುಂದಾಳು ಚಾಕು ತೆಗೆದ. ಕಾಟಯ್ಯ ಹೆಣದ ಮೇಲೆ ಬಾಗಿ, "ನನ್ನನ್ನು ಕುಯ್ದು ಆಮೇಲೆ ಇದನ್ನು ಕುಯ್ಯಿ" ಎಂದ. ಚಾಕು ಒಳಗೆ ಹೋಯಿತು. ರಾವುತರು ಬಂದ ದಾರಿಯಲ್ಲೇ ಹಿಂದಿರುಗಿದರು. ಕಾಟಯ್ಯ ಹೋಗಲಿಲ್ಲ.

ಮೂರನೆಯ ದಿನ ಸೂರವ್ವ ನಡೆದು ಬಂದಳು. ಅಷ್ಟರಲ್ಲಿ ಅವನು ಒಬ್ಬನೇ ಗುಂಡಿ ತೋಡಿ, ಭಾವನಿಗೆ ಕಂಬಳಿ ಹೊದಿಸಿ, ನರಿ ಬಾರದಂತೆ ಕಾದಿದ್ದ. ಅವಳು ಅಳಲಿಲ್ಲ. ಗಂಡನ ಪಕ್ಕ ಕುಳಿತು, ಕತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು, ಆ ಗಂಟನ್ನು ಬೆರಳಿನಿಂದ ಸವರಿದಳು.

"ನನ್ನ ತೌರಿನ ಮೇಲೆ ಇದು ಏಳಬಾರದು ಅಂತ ಕಟ್ಟಿದ್ದೆ," ಎಂದಳು. "ಬೇಕಾದಾಗ ಬಿಚ್ಚಿಕೊಳ್ಳಲಿ ಅಂತ ಸರಗಂಟೇ ಹಾಕಿದ್ದೆ ಕಾಟ. ಇದು ನನ್ನ ಗಂಟಲ್ಲ. ಆಮೇಲೆ ಅವರೇ ಬಿಗಿದುಕೊಂಡಿದ್ದಾರೆ."

ಕಾಟಯ್ಯ ತನ್ನ ಕತ್ತಿಯನ್ನು ಅವಳ ಮುಂದಿಟ್ಟು ತಲೆ ಬಾಗಿಸಿದ. "ಅಕ್ಕ, ಕೈ ಚಾಚಿದವರು ಭಾವ ಅಂತ ಗೊತ್ತಾಗಲಿಲ್ಲ. ನಿನಗೆ ಹೇಗೆ ತೋಚುತ್ತೋ ಹಾಗೆ ಮಾಡು."

ಅವಳು ಆ ಕತ್ತಿಯನ್ನು ಒರೆಗೆ ಸೇರಿಸಿ, ಉಟ್ಟ ಸೀರೆಯ ಅಂಚು ಹರಿದು, ಹಲ್ಲಿನಲ್ಲಿ ಎಳೆದೆಳೆದು ಕಟ್ಟಿದಳು. "ಇದು ಸರಗಂಟಲ್ಲ," ಎಂದು ಅವನ ಕೈಗೆ ಕೊಟ್ಟಳು. ಕ್ಷಮಿಸಿ ಕಟ್ಟಿದಳೆಂದು ಕೆಲವರು, ಸಾಯುವತನಕ ಹೊತ್ತು ತಿರುಗಲೆಂದು ಕಟ್ಟಿದಳೆಂದು ಕೆಲವರು ಹೇಳುತ್ತಾರೆ. ಅಣ್ಣತಮ್ಮಂದಿರ ಕಾಳಗ ಅಲ್ಲಿಗೆ ನಿಲ್ಲಲಿಲ್ಲ. ಒಂಬತ್ತು ವರ್ಷ ನಡೆದು ದುರ್ಗವನ್ನೇ ನುಂಗಿತು. ಕಾಟಯ್ಯ ಮಾತ್ರ ಮತ್ತೆ ಯಾರ ಉಪ್ಪನ್ನೂ ತಿನ್ನದೆ, ದಿಣ್ಣೆಯ ಬುಡದಲ್ಲಿ ಗುಡಿಸಲು ಹಾಕಿ, ಎರಡೂ ಕಡೆಯ ಗಾಯಗೊಂಡ ಕುದುರೆಗಳನ್ನು ಸಾಕಿಕೊಂಡು ಮುದುಕನಾದ. ವರ್ಷಕ್ಕೊಮ್ಮೆ ಸೂರವ್ವ ಬುತ್ತಿ ತಂದು, ಅವನು ಉಂಡು ಮುಗಿಸುವವರೆಗೂ ಎದುರಿಗೆ ಕೂತಿರುತ್ತಿದ್ದಳಂತೆ.

ಈಗ ಅಲ್ಲಿಗೆ ಹೋದವರಿಗೆ ದಿಣ್ಣೆಯ ನೆತ್ತಿಯಲ್ಲಿ ಅರ್ಧ ಹೂತ ಒಂದು ಕಲ್ಲು ಕಾಣುತ್ತದೆ. ಅದರಲ್ಲಿ ಕೆತ್ತಿದ, ಒರೆಯೊಳಗಿನ ಎರಡು ಕತ್ತಿಗಳು ಒಂದರ ಮಗ್ಗುಲಲ್ಲಿ ಒಂದು ಮಲಗಿವೆ. ಕಾಲುದಾರಿ ಅದರ ಪಕ್ಕದಲ್ಲೇ ಹಾದಿದೆ. ಸಂತೆಗೆ ಹೋಗುವ ಹುಡುಗರು ಏರಿನ ಬುಡಕ್ಕೆ ಬಂದೊಡನೆ, ಯಾರೂ ಹೇಳದೆಯೇ, ಬೈಕಿನ ಎಂಜಿನ್ನು ಆರಿಸಿ ಕೆಳಗಿಳಿಯುತ್ತಾರೆ; ಒಬ್ಬ ಹ್ಯಾಂಡಲು ಹಿಡಿಯುತ್ತಾನೆ, ಇನ್ನೊಬ್ಬ ಹಿಂದಿನಿಂದ ತಳ್ಳುತ್ತಾನೆ. ಮಂಜಿನ ಬೆಳಗಿನಲ್ಲಿ, ಕಲ್ಲನ್ನು ದಾಟುವ ತನಕ ಅವರ ಉಸಿರಿನ ಸದ್ದು ಮಾತ್ರ ಕೇಳುತ್ತದೆ.