ಇನ್ನಾಸಿ ಸ್ವಾಮ್ಯೋರ ಅಂಗಿ ದಾರ ಕಿತ್ತವಳು

ಗುಡಿ ಹಿಂದ್ಗಡೆ ಹಂಚಿನ ಒಂದು ಕೋಣೆ. ಹಗ್ಗದ ಮಂಚ, ನೀರಿನ ಮಡಕೆ, ಗೋಡೆ ಮೇಲೆ ಮರದ ಶಿಲುಬೆ. ಪುಣ್ಯಾತ್ಮರಾದ ಪಾದ್ರಿ ಇನ್ನಾಸಿ ಸ್ವಾಮ್ಯೋರು ನಮ್ಮ ಜಪದಪಾಳ್ಯದಲ್ಲಿ ಹತ್ತೊಂಬತ್ತು ವರ್ಷ ಇದ್ದದ್ದು ಅಲ್ಲೇ. ಅವರಿಗಿದ್ದದ್ದು ಎರಡೇ ನಿಲುವಂಗಿ. ಎರಡನ್ನೂ ಹೊಲಿದವನು ನಾನು, ಟೈಲರ್ ಚೌರಪ್ಪ. ಓದಿದ್ದು ಮೂರನೇ ಕ್ಲಾಸು. ಆದ್ರೆ ಕನಕಪುರದ ತನಕ ಕೇಳಿ ನೋಡಿ, ಚೌರಪ್ಪನ ಹೊಲಿಗೆ ಬಿಚ್ಕೊಂಡಿತ್ತು ಅಂತ ಒಬ್ಬ ಹೇಳಲಿ. ಎತ್ತು ಕಟ್ಟಿ ಎಳೆದ್ರೂ ಬಟ್ಟೆ ಹರೀಬೇಕೇ ಹೊರತು ಹೊಲಿಗೆ ಬಿಡಲ್ಲ.

ಅದಕ್ಕೇ, ಆ ವರ್ಷ ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ಸ್ವಾಮ್ಯೋರ ಅಂಗಿಯ ಕೆಳಗಿನ ಅಂಚು ಬಿಟ್ಟಿದ್ದು ನೋಡಿ ನಂಗೆ ಅನುಮಾನ ಬಂತು. ಹೊಲಿದು ಕೊಟ್ಟೆ. ಮುಂದಿನ ವಾರ ಅದೇ ಕಡೆ, ಹಿಂದೆ ಎಡಕ್ಕೆ, ಗೇಣುದ್ದ ದಾರ ಇಲ್ಲ. ಇಲಿ ಅನ್ನೋಣ ಅಂದ್ರೆ, ಇಲಿ ಬಟ್ಟೆ ಕಡಿಯುತ್ತೆ, ದಾರ ಎಳ್ಕೊಂಡು ಹೋಗಲ್ಲ. ಅಡುಗೆಯವನ ಮೇಲೆ ಕಣ್ಣಿಟ್ಟೆ. ಗಂಟೆ ಹೊಡೆಯೋನ ಮೇಲೆ ಕಣ್ಣಿಟ್ಟೆ. ಸ್ವಾಮ್ಯೋರ್ನೇ ಕೇಳಿದ್ರೆ, ಬಿಟ್ಟಿದ್ರೆ ಹೊಲಿ ಚೌರಪ್ಪ ಅಂದು ನಕ್ಕಂಗೆ ಕಾಣಿಸ್ತು. ಇವರಿಗೇನೋ ಗೊತ್ತಿದೆ ಅಂತ ಅವರ ಮೇಲೂ ಅನುಮಾನಪಟ್ಟೆ, ದೇವರು ಕ್ಷಮಿಸಲಿ.

ಆಗ ನಮ್ಮ ಬೀದೀಲಿ ರೇಷ್ಮೆ ಹುಳ ಸಾಯ್ತಾ ಇದ್ವು. ಎಂಟು ಮನೆಯವರು ತಟ್ಟೆಗಟ್ಲೆ ಹುಳ ತಿಪ್ಪೆಗೆ ಸುರಿದಿದ್ರು. ಯಾರೋ ಮಾಟ ಮಾಡ್ಸವ್ರೆ ಅಂತ ಮಾತು. ಮಾಟಕ್ಕೆ ಉಟ್ಟ ಬಟ್ಟೆ ದಾರ ಬೇಕು, ದೊಡ್ಡವರ ದಾರ ಆದ್ರೆ ಬಲ ಜಾಸ್ತಿ ಅಂತಾರೆ. ಹೊಲಿಗೆ ಜತೆ ನಾನೂ ಹುಳ ಸಾಕ್ತಿದ್ದೆ, ನನ್ನ ತಟ್ಟೇಲಿ ಹುಳ ಇನ್ನೂ ಚೆನ್ನಾಗಿದ್ವು. ಮುಂದಿನ ಸರದಿ ನಂದೇ ಅಂದ್ಕೊಂಡೆ.

ಶುಕ್ರವಾರ ಮಧ್ಯಾಹ್ನ ಶಿಲುಬೆ ಹಾದಿ. ಯೇಸುಸ್ವಾಮಿ ಶಿಲುಬೆ ಹೊತ್ತು ನಡೆದ ಹದಿನಾಲ್ಕು ಸ್ಥಳದ ಪಟ ಗುಡಿ ಒಳಗಿದ್ವು, ಒಂದೊಂದರ ಮುಂದೂ ಸ್ವಾಮ್ಯೋರು ಮಂಡಿಯೂರೋರು, ಜನ ಒತ್ಕೊಂಡು ಅವರ ಹಿಂದೆ. ನನ್ನ ಬಾಯಿ ಪ್ರಾರ್ಥನೆ ಹೇಳ್ತಿತ್ತು, ಕಣ್ಣು ಎಲ್ಲರ ಕೈ ಕಾಯ್ತಿತ್ತು. ಒಂಬತ್ತನೇ ಸ್ಥಳದಲ್ಲಿ ಕಂಬದ ಮರೆಯಿಂದ ಒಂದು ಕೈ ಬಂತು. ಅಂಚಿನ ದಾರ ಬೆರಳಿಗೆ ಸುತ್ತಿ ಪಟಕ್ಕನೆ ಕಿತ್ತಿತು. ಮಣಿಕಟ್ಟು ಹಿಡಿದೆ.

"ಸಿಕ್ಕಿದ್ಳು ನೋಡ್ರಪ್ಪ ಮಾಟಗಾತಿ."

ನೋಡಿದ್ರೆ ಸಗಾಯಮ್ಮ, ನಮ್ಮ ಬೀದಿ ಆರೋಗ್ಯಮ್ಮನ ಸೊಸೆ. ಅತ್ತೆ ಅಲ್ಲೇ ಇದ್ಳು, ಬಾಯಿ ತೆಗೆದ್ಳು. ಮಗು ಹೆತ್ತಾಗಿಂದ ನಾಲ್ಕು ವರ್ಷ ಇವಳಿಗೆ ರಕ್ತ ನಿಂತಿಲ್ಲ, ಗುಡಿ ಮೆಟ್ಟಬೇಡ ಹುಳದ ಮನೆ ಮೆಟ್ಟಬೇಡ ಅಂದಿದ್ದೆ, ಎಂಟು ಮನೆ ಹುಳ ತಿಂದವಳು ಯಾರು ಅಂತ ಈಗ ಗೊತ್ತಾಯ್ತಲ್ಲ ಅಂದ್ಳು. ಇವತ್ತೇ ತೌರಿಗೆ ನಡೀಲಿ, ಮಗು ಮಾತ್ರ ನಮ್ಮನೇಲಿ ಇರುತ್ತೆ ಅಂದ್ಳು. ಹತ್ತಾರು ಜನ ಹೂಂ ಅಂದ್ರು.

ಮುಟ್ಟಾದವರ ಸೋಂಕು ಹುಳಕ್ಕೆ ತಾಗಬಾರದು ಅನ್ನೋದು ನಮ್ಮ ಕಡೆ ಕಟ್ಟಳೆ, ಯಾವ ಮತದವರಾದ್ರೂ ಸರಿ. ರಕ್ತ ಅನ್ನೋ ಮಾತು ಕಿವಿಗೆ ಬಿದ್ದಿದ್ದೇ ತಡ, ಕೆಂಡ ಮುಟ್ಟಿದಂಗೆ ಕೈ ಬಿಟ್ಟೆ.

ಸ್ವಾಮ್ಯೋರು ತಿರುಗಿದ್ರು. ನನ್ನ ಯಾರಮ್ಮ ಮುಟ್ಟಿದ್ದು ಅಂತ ಮೆಲ್ಲಗೆ ಕೇಳಿದ್ರು. ಇವಳೇ ಸ್ವಾಮಿ, ನಾನೇ ಹಿಡಿದದ್ದು ಅಂದೆ. ನನ್ನ ಕಡೆ ನೋಡಲೇ ಇಲ್ಲ. ಅವಳನ್ನೇ ನೋಡ್ತಾ ಕಾದ್ರು.

ಅವಳು ಎಲ್ಲ ಹೇಳಿದ್ಳು. ಹನ್ನೆರಡು ವರ್ಷ ರಕ್ತ ಹೋಗ್ತಿದ್ದ ಹೆಂಗಸು ಜನರ ನಡುವೆ ನುಗ್ಗಿ ಯೇಸುಸ್ವಾಮಿ ಉಡುಪಿನ ಅಂಚು ಮುಟ್ಟಿ ವಾಸಿಯಾದ ಕತೆಯನ್ನ ಸ್ವಾಮ್ಯೋರು ಪ್ರಸಂಗದಲ್ಲಿ ಬೋಧಿಸ್ತಾ ಹೇಳಿದ್ರಂತೆ. ಇವಳು ಕಿಟಕಿ ಆಚೆ ನಿಂತು ಕೇಳಿಸ್ಕೊಂಡಿದ್ಳಂತೆ. ಒಂದ್ಸಲ ಮುಟ್ಟಿದ್ಳು, ವಾಸಿಯಾಗಲಿಲ್ಲ. ದಾರ ಮೈಮೇಲಿದ್ರೆ ಆಗಬೋದು ಅಂತ ಕಿತ್ತು ತಾಳಿಗೆ ಸುತ್ಕೊಂಡಿದ್ಳು. ಅದನ್ನೂ ತೆಗೆದು ತೋರಿಸಿದ್ಳು.

"ಮಗೂನ ಪಕ್ಕದಲ್ಲಿ ಮಲಗಿಸ್ಕೋಬೇಕು ಸ್ವಾಮಿ. ಬೇರೆ ಏನೂ ಬೇಡ," ಅಂದ್ಳು.

ಸ್ವಾಮ್ಯೋರು ಅವಳೆದುರು ಬರೀ ನೆಲದ ಮೇಲೆ ಕೂತ್ರು. "ಮಗಳೇ," ಅಂದ್ರು. ಆಮೇಲೆ ನನ್ನ ಕಡೆ ನೋಡಿದ್ರು.

"ಅಷ್ಟು ಜನರ ನಡುವೆ ಯಾರು ಮುಟ್ಟಿದ್ದು ಅಂತ ಯೇಸುಸ್ವಾಮಿ ಕೇಳಿದ್ದು ಕಳ್ಳೀನ ಹಿಡಿಯೋಕಲ್ಲ ಚೌರಪ್ಪ. ಮರೇಲಿದ್ದವಳನ್ನ ಎಲ್ಲರ ಮುಂದೆ ಮಗಳೇ ಅಂತ ಕರೆಯೋಕೆ. ನೀನು ಯಾಕೆ ಬಿಟ್ಟೆ? ಹಿಡ್ಕೊ ಆ ಕೈನ."

ಹಿಡ್ಕೊಂಡೆ. ಉಳಿದ ಐದು ಸ್ಥಳ ಅವಳ ಕೈ ಹಿಡಿದೇ ನಡೆದೆ. ಭಕ್ತಿಯಿಂದ ನಡೆದೆ ಅಂತ ಸುಳ್ಳು ಹೇಳಲ್ಲ, ನನ್ನ ತಲೆ ತುಂಬ ನನ್ನ ಹುಳಾನೇ ಇದ್ವು. ಮುಗಿದ ಮೇಲೆ ಆರೋಗ್ಯಮ್ಮ ಬಾಗಿಲಿಗೆ ಅಡ್ಡ ನಿಂತು, ನಮ್ಮನೆ ಹೊಸಲು ಮಾತ್ರ ಬೇಡ ಅಂದ್ಳು. ಸ್ವಾಮ್ಯೋರು ನನ್ನ ಕಡೆ ತಿರುಗಿದ್ರು. ಹಂಗಾದ್ರೆ ನಮ್ಮನೇಲಿರಲಿ ಅನ್ನೋ ಮಾತು ನನ್ನ ಬಾಯಿಂದಲೇ ಬಂತು. ನಮ್ಮಾಕೆ ನನ್ನ ನೋಡಿದ ನೋಟಕ್ಕೆ ತೋಟದ ಹಿಪ್ಪನೇರಳೆ ಬಾಡಬೇಕಿತ್ತು.

ಎಂಟು ದಿನ ಸಗಾಯಮ್ಮ ನಮ್ಮ ಹುಳಕ್ಕೆ ಸೊಪ್ಪು ಹಾಕಿದ್ಳು. ಬೀದಿಯವರು ಬೆಳಗ್ಗೆದ್ದು ನಮ್ಮ ಬಾಗಿಲಲ್ಲಿ ಇಣುಕೋರು, ಹುಳ ಸತ್ವಾ ಅಂತ. ಅವರಿಗಿಂತ ಮುಂಚೆ ಎದ್ದು ಸತ್ತ ಹುಳ ಹುಡುಕ್ತಿದ್ದವನು ನಾನು. ಹುಳ ಹಣ್ಣಾಗಿ ಗೂಡು ಕಟ್ಟಿದ್ವು. ಆಗ ಆರೋಗ್ಯಮ್ಮ ಮಗೂನ ಎತ್ಕೊಂಡು ಬಂದು, ಇದು ನಿನ್ನ ಕೇಳಿ ಕೇಳಿ ಊಟ ಬಿಟ್ಟೈತೆ, ನಡಿ ಮನೇಗೆ ಅಂದ್ಳು. ಸ್ವಾಮ್ಯೋರು ಸಿಸ್ಟರ್‌ಗಳ ಆಸ್ಪತ್ರೇಲಿ ಅವಳಿಗೆ ಮದ್ದು ಶುರು ಮಾಡ್ಸಿದ್ರು. ಪೂರ್ತಿ ವಾಸಿ ಆಗೋಕೆ ವರ್ಷ ಹಿಡೀತು.

ನಾನು ಎದೆ ಉಬ್ಬಿಸ್ಕೊಂಡು ಸ್ವಾಮ್ಯೋರ ಹತ್ರ ಹೋದೆ. ನೋಡಿದ್ರಾ ಸ್ವಾಮಿ, ನನ್ನ ಹುಳ ಒಂದೂ ಸಾಯಲಿಲ್ಲ ಅಂದೆ.

"ಸತ್ತಿದ್ರೆ?" ಅಂದ್ರು.

ಅಷ್ಟೇ. ಯಾವ ಮಾತಿಗೂ ಬಾಯಿ ಕಟ್ಟದ ನಾನು ತಲೆ ಕೆರ್ಕೊಂಡು ವಾಪಸ್ಸು ಬಂದೆ.

ಮುಂದಿನ ಬೆಳೆಗೂ ಸಗಾಯಮ್ಮ ದಿನಾ ಬಂದು ಸೊಪ್ಪು ಹಾಕೋಳು, ಮದ್ದು ಇನ್ನೂ ನಡೀತಿತ್ತು. ಆ ಸಲ ನಾಲ್ಕನೇ ಜ್ವರ ಎದ್ದು ಕೊನೇ ಪೊರೆ ಬಿಟ್ಟ ಮೇಲೆ ನನ್ನ ಹುಳ ಪೂರಾ ಸತ್ತೋದ್ವು. ಒಂದು ತಟ್ಟೆ ಉಳೀಲಿಲ್ಲ. ಬೀದಿಯೆಲ್ಲ ನಮ್ಮ ಬಾಗಿಲಿಗೆ ಬಂತು. ಆರೋಗ್ಯಮ್ಮನೂ ಬಂದ್ಳು. ಸಗಾಯಮ್ಮ ಗೋಡೆಗೆ ಒರಗಿ ಬೆಳ್ಳಗಾಗಿ ನಿಂತಿದ್ಳು. ಎಲ್ರೂ ನನ್ನ ಬಾಯಿ ನೋಡ್ತಿದ್ರು. ನಾನು ಒಂದು ಮಾತು ಅಂದಿದ್ರೆ ಅವಳಿಗೆ ಆವತ್ತೇ ಮಗೂನೂ ಇಲ್ಲ, ಮನೇನೂ ಇಲ್ಲ.

"ಹಾಲು ರೋಗ ಬಂದೈತೆ," ಅಂದೆ. "ಹೋದ ಬೆಳೆ ಆದ ಮೇಲೆ ಔಷಧಿ ಹಾಕಿ ಮನೆ ತೊಳೀಬೇಕಿತ್ತು. ಸೋಮಾರಿತನ, ನಾನು ತೊಳೀಲಿಲ್ಲ."

ನನ್ನ ತಪ್ಪನ್ನ ನಾನೇ ನಾಲ್ಕು ಜನರ ಮುಂದೆ ಒಪ್ಪಿದ್ದು ಜೀವಮಾನದಲ್ಲಿ ಅದೇ ಮೊದಲು.

"ಬಾ ಮಗಳೇ," ಅಂದೆ, "ತಟ್ಟೆ ಆ ಕಡೆ ನೀನು ಹಿಡಿ."

ಇಬ್ರೂ ಎತ್ಕೊಂಡು ಬೀದಿ ನಡುವೆ ತಿಪ್ಪೆ ಕಡೆ ನಡೆದ್ವಿ. ಜನ ದಾರಿ ಬಿಟ್ರು. ಗುಡಿ ಬಾಗಿಲಲ್ಲಿ ಸ್ವಾಮ್ಯೋರು ನಿಂತಿದ್ರು. ಒಂದು ಕೈ ಎತ್ತಿ ನಮ್ಮಿಬ್ಬರ ಮೇಲೂ ಶಿಲುಬೆ ಗುರುತು ಹಾಕಿದ್ರು.